ಹಡಗಿನ ಮೇಲೆ ಊಟದ ಡ್ಯೂಟಿ

ಹಡಗಿನವರು ತಮ್ಮ ಊಟದ ಹೊತ್ತನ್ನು ಕೇಳಿದ್ದಾರೆ ಎಂಬ ಸುದ್ದಿಯನ್ನು ನಮ್ಮ ಭಾವ ತಾವಾಗಿ ಯಾರಿಗೂ ಹೇಳಲಿಲ್ಲ. ಅಷ್ಟು ಹಗುರದ ಮನುಷ್ಯರಲ್ಲ ಅವರು. ಔಷಧಿ ಅಂಗಡಿಗೆ ಹೋಗಿ, ಇಲ್ಲದ ಕೆಮ್ಮನ್ನು ಒಂದೆರಡು ಸಲ ಕೆಮ್ಮಿ, ಅಂಗಡಿಯವರು ಸೀಸೆಯನ್ನು ಕೈಗಿಟ್ಟು "ಊಟಕ್ಕೆ ಮುಂಚೆ ಎರಡು ಚಮಚ" ಅನ್ನುವವರೆಗೂ ಕಾದರು. ಆಮೇಲೆ ಸೀಸೆಯನ್ನು ಬೆಳಕಿಗೆ ಹಿಡಿದು ನೋಡುತ್ತ, "ಊಟ ಯಾವಾಗ ಅನ್ನೋದೇ ಇನ್ನೂ ತೀರ್ಮಾನ ಆಗಿಲ್ಲ ನೋಡಿ. ಹಡಗಿನವರು ನನ್ನ ಉತ್ತರಕ್ಕೆ ಕಾಯ್ತಾ ಇದಾರೆ" ಅಂದರು.

ಸಂಜೆಯೊಳಗೆ ಸುದ್ದಿ ಬೀದಿಯ ಎರಡೂ ತುದಿ ಮುಟ್ಟಿ ವಾಪಸು ಬಂತು. ನನ್ನ ಹೊಲಿಗೆ ಅಂಗಡಿಗೆ ಬರುವಷ್ಟರಲ್ಲಿ ಅದಕ್ಕೆ ಕೈಕಾಲು ಮೂಡಿದ್ದವು. ನಮ್ಮ ಭಾವ ಉತ್ತರ ಕೊಡುವವರೆಗೆ ಹಡಗು ಬಂದರು ಬಿಡುವುದಿಲ್ಲವಂತೆ. ಕ್ಯಾಪ್ಟನ್ನು ದಿನಾ ಫೋನು ಮಾಡಿ, "ಯಜಮಾನರೇ, ಹಸಿವು ಎಷ್ಟು ಹೊತ್ತಿಗೆ?" ಅಂತ ವಿಚಾರಿಸುತ್ತಾನಂತೆ. ಪ್ಯಾಂಟಿನ ಅಳತೆ ಕೊಡಲು ಬಂದವರೆಲ್ಲ ನನ್ನ ಕಡೆ ಒಂದು ಥರ ಗೌರವದಿಂದ ನೋಡಿದರು. ಭಾವಮೈದುನನಾಗಿ ಹುಟ್ಟಿದ್ದಕ್ಕೆ ನನಗೂ ಮೊದಲ ಸಲ ಲಾಭವಾಯಿತು.

ನಿಜ ಇಷ್ಟೇ. ನಮ್ಮಕ್ಕ ಕೆಲಸ ಮಾಡುವ ಬೇಕರಿಗೆ ಮೈದಾ ಕೊಡುವ ಕಂಪನಿಯವರು ಬಹುಮಾನದ ಚೀಟಿ ಎತ್ತಿದ್ದರು. ಅಕ್ಕನ ಚೀಟಿಗೆ ನಾಲ್ಕು ಜನರ ಹಡಗಿನ ಪ್ರವಾಸ ಬಂತು. ಅಕ್ಕ, ಭಾವ, ನಾನು ಮತ್ತು ನನ್ನಾಕೆ ಹೊರಡುವುದೆಂದಾಯಿತು. ನಾಲ್ವರಲ್ಲಿ ಯಾರೂ ಕೆರೆಯ ದೋಣಿಯನ್ನು ಸಹ ಹತ್ತಿದವರಲ್ಲ.

ಭಾವನ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ಅವರು ಬಸ್ ಡಿಪೋದಲ್ಲಿ ಡ್ಯೂಟಿ ಹಾಕುವ ಗುಮಾಸ್ತರಾಗಿದ್ದು ಈಚೆಗೆ ನಿವೃತ್ತರಾದವರು. ಯಾವ ಬಸ್ಸಿಗೆ ಯಾವ ಡ್ರೈವರು, ಯಾವ ಕಂಡಕ್ಟರು ಎಂದು ಬರೆಯುವುದೇ ಅವರ ಆಯುಷ್ಯದ ಕೆಲಸ. ಬೀದಿಯವರು ಅವರನ್ನು ಡ್ಯೂಟಿ ಸಾಹೇಬರು ಅಂತಲೇ ಕರೆಯುತ್ತಿದ್ದರು. ಅವರ ಜೀವನಕ್ಕೆ ಎರಡೇ ಕಾನೂನು. ಒಂದು, ರಿಲೀವರ್, ಅಂದರೆ ಬದಲಿ ಆಳು, ಬರುವವರೆಗೆ ಯಾರೂ ಸೀಟು ಬಿಡಬಾರದು. ಇನ್ನೊಂದು, ಒಂದೇ ಮನೆಯವರನ್ನು ಒಂದೇ ಬಸ್ಸಿಗೆ ಹಾಕಬಾರದು. ಗಂಡ ಡ್ರೈವರಾಗಿ ಹೆಂಡತಿ ಕಂಡಕ್ಟರಾದರೆ ಟಿಕೆಟ್ಟಿನ ಲೆಕ್ಕ ಯಾರು ಕೇಳುತ್ತಾರೆ ಎಂಬುದು ಡಿಪೋದ ಚಿಂತೆ. ಈ ಎರಡನ್ನು ಬಿಟ್ಟರೆ ಭಾವನಿಗೆ ದೇವರು, ದೆವ್ವ ಯಾವುದೂ ಇರಲಿಲ್ಲ.

ಅಕ್ಕನದು ಬೇಕರಿಯ ಒಲೆಯ ಕೆಲಸ. ಊರು ಏಳುವ ಮೊದಲೇ ಅವಳು ಏಳಬೇಕು, ಕತ್ತಲಾದ ಕೂಡಲೇ ಮಲಗಬೇಕು. ಭಾವ ಡಿಪೋದಿಂದ ಬರುತ್ತಿದ್ದುದು ಕೊನೆಯ ಬಸ್ಸು ಒಳಗೆ ಬಂದ ಮೇಲೆ. ಹೀಗಾಗಿ ಅವರ ಸಂಸಾರ ನಡೆದದ್ದೆಲ್ಲ ಮೇಜಿನ ಮೇಲಿನ ಒಂದು ತಟ್ಟೆ ಮತ್ತು ಅದರ ಮೇಲೊಂದು ಸ್ಟೀಲಿನ ಮುಚ್ಚಳದ ಮೂಲಕ. ಅಕ್ಕ ಮುಚ್ಚಿಟ್ಟು ಮಲಗುತ್ತಿದ್ದಳು, ಭಾವ ಬಂದು ತೆಗೆದು ಉಣ್ಣುತ್ತಿದ್ದರು. ಇಬ್ಬರೂ ಒಟ್ಟಿಗೆ ಎಚ್ಚರವಾಗಿದ್ದ ದಿನಗಳೂ ಇದ್ದವು ಎಂಬುದಕ್ಕೆ ಅವರ ಮಗಳೊಬ್ಬಳೇ ಸಾಕ್ಷಿ. ನೆಂಟರ ಮದುವೆಗೆ ಹೋದರೂ ಭಾವ ಪಂಕ್ತಿ ನಿಭಾಯಿಸುತ್ತ ನಿಲ್ಲುತ್ತಿದ್ದರೇ ಹೊರತು ಹೆಂಡತಿಯ ಪಕ್ಕದಲ್ಲಿ ಕೂತದ್ದು ನಾನು ನೋಡಿಲ್ಲ. ನಿವೃತ್ತಿಯಾದ ಮೇಲೆ ಸರಿಹೋದೀತು ಅಂದುಕೊಂಡರೆ, ಭಾವನ ಹೊಟ್ಟೆ ಮಾತ್ರ ನಿವೃತ್ತಿಯಾಗಿರಲಿಲ್ಲ. ಕೊನೆಯ ಬಸ್ಸು ಬರುವ ಹೊತ್ತಿನವರೆಗೂ ಅದಕ್ಕೆ ಹಸಿವೇ ಆಗುತ್ತಿರಲಿಲ್ಲ.

ಟಿಕೆಟ್ಟಿನ ಕಾಗದ ಕೈಗೆ ಬಂದ ದಿನ ಅಕ್ಕ ಬೇಕರಿಯ ಕಟ್ಟೆಯ ಮೇಲೆ ಕೂತು ಕೈಗೆ ಹತ್ತಿದ ಹಿಟ್ಟು ಕೊಡವುತ್ತ ನನಗೊಂದು ಮಾತು ಹೇಳಿದಳು.

"ಸಮುದ್ರ ಗಿಮುದ್ರ ನಂಗೇನೂ ಬೇಡ ಕಣೋ. ಬಿಸಿ ಊಟ ಬೇಕು. ಬೇರೆ ಯಾರೋ ಬಡಿಸ್ಬೇಕು. ಎದುರುಗಡೆ ಇವರು ಕೂತಿರ್ಬೇಕು. ಒಂದೇ ಒಂದು ಸಲ ಸಾಕು."

"ಅದೇನು ದೊಡ್ಡ ವಿಷಯ ಬಿಡಕ್ಕಾ," ಅಂದೆ ನಾನು. ಭಾವನನ್ನು ಇಷ್ಟು ವರ್ಷ ನೋಡಿಯೂ ಹಾಗಂದೆ.

ಪ್ರವಾಸದ ಏಜೆಂಟನ ಆಫೀಸಿಗೆ ನಾವು ನಾಲ್ವರೂ ಹೋದೆವು. ಗಾಜಿನ ಬಾಗಿಲು, ಗೋಡೆಯ ತುಂಬ ನೀಲಿ ನೀರಿನ ಚಿತ್ರಗಳು. ಏಜೆಂಟ್ ಟೈ ಕಟ್ಟಿಕೊಂಡು ನಗುನಗುತ್ತ, "ರಾತ್ರಿ ಊಟಕ್ಕೆ ಮೂರು ಥರ ಇದೆ ಸಾರ್. ಬೇಗನೆಯ ಪಂಕ್ತಿ, ತಡವಾದ ಪಂಕ್ತಿ, ಇಲ್ಲಾ ಅಂದ್ರೆ ಫ್ಲೆಕ್ಸಿಬಲ್. ಫ್ಲೆಕ್ಸಿಬಲ್ ಅಂದ್ರೆ ನಿಮಗೆ ಯಾವಾಗ ಮನಸ್ಸು ಬರುತ್ತೋ ಆವಾಗ ಹೋಗಿ ಊಟ ಮಾಡ್ಬಹುದು," ಅಂದ.

ಭಾವ ಕುರ್ಚಿಯಲ್ಲಿ ನೆಟ್ಟಗಾದರು. "ಮನಸ್ಸು ಬಂದಾಗ ಅಂದ್ರೆ? ಎಲ್ಲರಿಗೂ ಒಂದೇ ಹೊತ್ತಿಗೆ ಮನಸ್ಸು ಬಂದ್ರೆ?"

"ಬರಲ್ಲ ಸಾರ್."

"ಬರಲ್ಲ ಅಂತ ಹೇಗೆ ಹೇಳ್ತೀರಿ? ಅಡುಗೆಯವರಿಗೆ ರಿಲೀವರ್ ಯಾರು? ಬಡಿಸೋರು ಎಷ್ಟು ಶಿಫ್ಟು?"

ಏಜೆಂಟ್ ತನ್ನ ಸಹಾಯಕಿಯ ಕಡೆ ಕೈ ತೋರಿಸಿ ಬಚಾವಾದ. ಭಾವ ಕುರ್ಚಿ ಎಳೆದುಕೊಂಡು ಅವಳೆದುರು ಕೂತು ಅಡುಗೆಮನೆಯ ಶಿಫ್ಟಿನ ವಿಚಾರಣೆ ಶುರುಮಾಡಿದರು. ಆಗ ಏಜೆಂಟ್ ಅಕ್ಕನಿಗೆ, "ಅಮ್ಮಾ, ಹಡಗಲ್ಲಿರುವಾಗ ಏನಾದ್ರೂ ವಿಶೇಷ ಇದೆಯಾ? ಹುಟ್ಟುಹಬ್ಬ, ಮದುವೆ ದಿನ, ಆ ಥರ?" ಅಂತ ಕೇಳಿದ.

ಅಕ್ಕ ಒಮ್ಮೆ ಭಾವನ ಬೆನ್ನಿನ ಕಡೆ ನೋಡಿದಳು. "ಇದೆ. ಮದುವೆ ದಿನ. ಕೊನೇ ಸಂಜೆಗೆ ಬರುತ್ತೆ," ಅಂದಳು ಮೆಲ್ಲಗೆ. ನನ್ನ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟಳು. ಆಕೆಗೆ ಅಷ್ಟು ನಾಚಿಕೆಯಾದದ್ದನ್ನು ನಾನು ಅವಳ ಮದುವೆಯಲ್ಲೂ ಕಂಡಿರಲಿಲ್ಲ.

ಊಟದ ಹೊತ್ತನ್ನು ಭಾವ ಅಲ್ಲಿಯೇ ಹೇಳಿಬಿಡಬಹುದಿತ್ತು. "ವಿಚಾರ ಮಾಡಿ ತಿಳಿಸ್ತೀನಿ," ಅಂದು ಎದ್ದು ಬಂದರು. ಕೆಮ್ಮು ಹುಟ್ಟಿದ್ದು ಅವತ್ತೇ.

ಮಾರನೆಯ ದಿನ ಬೇಕರಿಯ ಮುಂದೆ ಸಭೆ ಸೇರಿತು. ನಮ್ಮ ದೊಡ್ಡಪ್ಪ ಅಧ್ಯಕ್ಷರು, ಯಾಕೆಂದರೆ ಅವರು ಹಿಂದೊಮ್ಮೆ ನದಿ ದಾಟುವ ಲಾಂಚಿನಲ್ಲಿ ಕೂತಿದ್ದರು. ಆ ಕಡೆಯ ದಡದಲ್ಲಿ ಇಳಿದು ಅದೇ ಲಾಂಚಿನಲ್ಲಿ ವಾಪಸು ಬಂದಿದ್ದರು. ಅಂದಿನಿಂದ ನೀರಿನ ವಿಷಯ ಬಂದಾಗಲೆಲ್ಲ ಅವರು ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

"ನೀರಿನ ಮೇಲೆ ಹೊಟ್ಟೆಗೆ ಗಡಿಯಾರ ಇರಲ್ಲ," ಅಂದರು ದೊಡ್ಡಪ್ಪ. "ಹಸಿವು ಆಗಿದೆಯೋ ವಾಂತಿ ಬರ್ತಿದೆಯೋ ಅಂತಾನೇ ಗೊತ್ತಾಗಲ್ಲ. ನಾನು ಅನುಭವದಿಂದ ಹೇಳ್ತಾ ಇದೀನಿ."

ಔಷಧಿ ಅಂಗಡಿಯವರಿಗೆ ಬೇರೆ ಆತಂಕ. "ಸ್ವಾಮಿ, ಊಟಕ್ಕೆ ಮುಂಚೆ ಅಂತ ಮಾತ್ರೆ ಕೊಡ್ತೀನಿ. ಊಟ ಯಾವಾಗಾದ್ರೂ ಆಗಬಹುದು ಅಂದ್ರೆ ಮುಂಚೆ ಅನ್ನೋದು ಯಾವಾಗ? ಇದಕ್ಕೆ ನಮ್ಮಲ್ಲಿ ಔಷಧಿ ಇಲ್ಲ."

ನಿವೃತ್ತ ಹೆಡ್‌ಮಿಸ್ಟ್ರೆಸ್ಸಮ್ಮ ಬ್ರೆಡ್ಡಿನ ಪೊಟ್ಟಣ ಕಂಕುಳಲ್ಲಿ ಇಟ್ಟುಕೊಂಡೇ ತೀರ್ಪು ಕೊಟ್ಟರು. "ಬೆಲ್ಲು ಹೊಡೆಯದೆ ಊಟಕ್ಕೆ ಬಿಡೋದು ಅಂದ್ರೆ ಏನು? ಅದು ಸ್ವಾತಂತ್ರ್ಯ ಅಲ್ಲ, ಪುಂಡಾಟ."

ಮೂವರೂ ಒಂದೊಂದು ಹೇಳಿದ್ದರಿಂದ ಭಾವ ನಾಲ್ಕನೆಯದನ್ನು ಹುಡುಕಬೇಕಾಯಿತು. ಎಲ್ಲರ ಮುಖ ಒಮ್ಮೆ ನೋಡಿ, "ಫ್ಲೆಕ್ಸಿಬಲ್ಲೇ ತಗೋತೀನಿ," ಅಂದುಬಿಟ್ಟರು. ಸಭೆ ದಂಗಾಯಿತು. ಒಳಗೆ ಕೇಕಿನ ಮೇಲೆ ಯಾರದೋ ಮದುವೆಯ ಹೆಸರು ಬರೆಯುತ್ತಿದ್ದ ಅಕ್ಕ ಕ್ರೀಮಿನ ಕೊಳವೆ ಹಿಡಿದುಕೊಂಡೇ ನಕ್ಕಳು. ಗಂಡ ತನಗಾಗಿಯೇ ಹಾಗೆ ಹೇಳಿದರು ಅಂದುಕೊಂಡಿರಬೇಕು. ಅವತ್ತು ಅವಳು ಬರೆದ ಅಕ್ಷರಗಳಿಗೆ ಸುತ್ತಲೂ ಬಳ್ಳಿ, ಹೂವು ಎಲ್ಲ ಬಂದವು. ಕೇಕು ಕೊಳ್ಳಲು ಬಂದವರು ಇಷ್ಟೆಲ್ಲ ನಾವು ಹೇಳಿರಲಿಲ್ಲವಲ್ಲ ಎಂದು ಗಾಬರಿಯಾದರು.

ಫ್ಲೆಕ್ಸಿಬಲ್ ಅಂದದ್ದೇನೋ ಅಂದಾಯಿತು. ಆ ಮಾತು ಆಡಿದ ಗಳಿಗೆಯಿಂದ ಭಾವನಿಗೆ ನಿದ್ದೆ ಹಾರಿಹೋಯಿತು. ಯಾವಾಗ ಬೇಕಾದರೂ ಉಣ್ಣಬಹುದು ಎಂಬ ಸ್ಥಿತಿಯಲ್ಲಿ ಮನುಷ್ಯ ಯಾವಾಗ ಉಣ್ಣಬೇಕು? ಸಾಲದ್ದಕ್ಕೆ ಹಡಗಿನವರು ದಿನದ ಕಾರ್ಯಕ್ರಮಗಳನ್ನೂ ಅಚ್ಚು ಹಾಕಿಸಿ ಕಳಿಸಿದರು. ಟವೆಲ್ಲಿನಲ್ಲಿ ಆನೆ ಮಾಡುವುದು, ಜೋಡಿ ನೃತ್ಯದ ಪಾಠ, ರಸಪ್ರಶ್ನೆ, ತರಕಾರಿಯಲ್ಲಿ ಹೂವು ಕೊರೆಯುವುದು. ಅದನ್ನು ಓದಿ ಭಾವ ತಲೆಯ ಮೇಲೆ ಕೈಹೊತ್ತು ಕೂತರು.

"ಒಂದೇ ಹೊತ್ತಿಗೆ ಮೂರು ಕಡೆ ಇಟ್ಟಿದಾರಲ್ಲೋ! ನಾವಿರೋದೇ ನಾಲ್ಕು ಜನ. ಎಲ್ಲದಕ್ಕೂ ಜನ ಎಲ್ಲಿಂದ ತರೋದು?"

"ಭಾವ, ಬೇಕಾದ್ದಕ್ಕೆ ಹೋಗೋದು, ಬೇಡದ್ದು ಬಿಡೋದು."

"ಬಿಡೋದಾ?" ಅಂದರು ಭಾವ. ನನ್ನನ್ನು ನೋಡಿದ ರೀತಿಯಲ್ಲಿ ಕುಡಿದು ಬಸ್ಸು ಹತ್ತಿದ ಡ್ರೈವರನ್ನು ನೋಡುತ್ತಿದ್ದರೇನೋ. "ನನ್ನ ಸರ್ವೀಸಲ್ಲಿ ಜನ ಇಲ್ಲ ಅಂತ ಒಂದು ಟ್ರಿಪ್ಪೂ ನಿಂತಿಲ್ಲ."

ಅಂತೂ ಹೊರಡುವ ಹಿಂದಿನ ದಿನ ಡ್ಯೂಟಿ ಚಾರ್ಟು ಸಿದ್ಧವಾಗಿ ಗೋಡೆಗೆ ಹತ್ತಿತು. ಮೇಲಿನ ಡೆಕ್ಕಿನಲ್ಲಿ ಕಟಕಟೆಯ ಪಕ್ಕ, ಸೂರ್ಯ ಮುಳುಗುವುದು ಕಾಣುವ ಕಡೆ ನಾಲ್ಕು ಕುರ್ಚಿ ಹಿಡಿಯಬೇಕು. ಆ ಕುರ್ಚಿಗಳನ್ನು ಎಂದೂ ಖಾಲಿ ಬಿಡಬಾರದು. ಇಬ್ಬರು ಕುರ್ಚಿ ಕಾಯುವಾಗ ಇಬ್ಬರು ಊಟಕ್ಕೋ ಕಾರ್ಯಕ್ರಮಕ್ಕೋ ಹೋಗಬೇಕು. ಅವರು ಬಂದ ಮೇಲೆ ಇವರು. ಜೋಡಿಗಳನ್ನು ನಾನು ಎರಡೆರಡು ಸಲ ಓದಿದೆ. ಅಕ್ಕನ ಜೊತೆಗೆ ನಾನು. ಭಾವನ ಜೊತೆಗೆ ನನ್ನಾಕೆ.

"ಭಾವ, ಇದು ಸ್ವಲ್ಪ ಅದಲುಬದಲಾಗಿದೆ ಅನ್ಸುತ್ತೆ."

"ಏನೂ ಆಗಿಲ್ಲ. ಗಂಡ ಹೆಂಡತಿ ಒಂದೇ ಡ್ಯೂಟೀಲಿ ಇರಬಾರದು."

"ಅಕ್ಕ ನನ್ನ ಒಡಹುಟ್ಟಿದೋಳು. ಅದು ಒಂದೇ ಮನೆ ಅಲ್ವಾ?"

ಭಾವ ಸ್ವಲ್ಪ ಯೋಚಿಸಿದರು. "ಮದುವೆಯಾಗಿ ಬೇರೆ ಮನೆಗೆ ಬಂದಿದಾಳಲ್ಲ. ನಡೆಯುತ್ತೆ," ಅಂದರು.

ಅಕ್ಕ ಚಾರ್ಟನ್ನು ಕೊನೆಯವರೆಗೂ ಓದಿದಳು. ಆಮೇಲೆ ಒಳಗೆ ಬಂದು ಪೆಟ್ಟಿಗೆಯಲ್ಲಿ ಸೀರೆ ಮಡಿಸಿಡುತ್ತ, "ಹಡಗು ಹತ್ತಿದ ಮೇಲೆ ಮರೆತುಹೋಗ್ತಾರೆ ಬಿಡೋ. ಅಲ್ಲಿ ಗೋಡೆ ಎಲ್ಲಿರುತ್ತೆ, ಚಾರ್ಟು ಅಂಟಿಸೋಕೆ?" ಅಂದಳು.

ಹಡಗಿನಲ್ಲಿ ಗೋಡೆಗಳು ಬೇಕಾದಷ್ಟಿದ್ದವು.

ಮೊದಲ ಸಂಜೆ ಅಕ್ಕ ಆ ಮಡಿಸಿಟ್ಟ ಸೀರೆಯನ್ನೇ ಉಟ್ಟು, ಪೌಡರು ಹಚ್ಚಿ, ಊಟದ ಸಾಲೆಗೆ ಬಂದಳು. ಎದುರಿಗೆ ನಾನು. ಬಿಳಿ ಮೇಜುಬಟ್ಟೆ, ಗಾಜಿನ ಲೋಟಗಳು, ದೀಪದ ಗೊಂಚಲುಗಳು. ಹೆಡ್ ವೇಟರ್ ತೆಳ್ಳನೆಯ ಮನುಷ್ಯ, ಮೀಸೆಗೆ ಇಸ್ತ್ರಿ ಹಾಕಿಸಿದ ಹಾಗಿದ್ದ. ಅವನು ಬಗ್ಗಿ, ಅಕ್ಕನಿಗೆ ಕುರ್ಚಿ ಎಳೆದುಕೊಟ್ಟು, "ಮೇಡಂ, ಸಾರ್, ಸ್ವಾಗತ" ಅಂದ. ಸೂಪು ಬಂತು. ಹಬೆಯಾಡುತ್ತಿತ್ತು. ಅಕ್ಕ ಚಮಚ ಹಿಡಿದು ಬಾಗಿಲ ಕಡೆಯೇ ನೋಡುತ್ತಿದ್ದಳು.

"ತಣ್ಣಗಾಗುತ್ತೆ, ಕುಡಿಯಕ್ಕಾ."

"ಹೊಸ ಜಾಗ ಅಲ್ವಾ. ಇವತ್ತೊಂದು ದಿನ ಅಭ್ಯಾಸದಿಂದ ಹೀಗೆ ಮಾಡಿದಾರೆ. ನಾಳೆ ಸರಿಹೋಗ್ತಾರೆ," ಅಂದಳು.

ನಮ್ಮ ಊಟ ಮುಗಿಸಿ ಡೆಕ್ಕಿಗೆ ಹೋದರೆ ಭಾವ ಕುರ್ಚಿಯ ಮೇಲೆ ನೆಟ್ಟಗೆ ಕೂತಿದ್ದರು. "ರಿಲೀವರ್ ಬಂದ್ರು," ಅಂತ ನನ್ನಾಕೆಗೆ ಹೇಳಿ, ಎದ್ದು, ನಾನು ಕೂತ ಮೇಲೆಯೇ ಹೊರಟರು. ನನ್ನಾಕೆ ಬಾಯಿ ಬಿಟ್ಟರೆ ಮುಚ್ಚುವವಳಲ್ಲ. ಭಾವ ಬಾಯಿ ಬಿಟ್ಟರೆ ಬಸ್ಸಿನ ಮಾರ್ಗ ಬಿಟ್ಟು ಬೇರೆ ಹೇಳುವವರಲ್ಲ. ಊಟದ ಮೇಜಿನಲ್ಲಿ ಇವಳು ತನ್ನ ಚಿಕ್ಕಮ್ಮನ ಹೆರಿಗೆಯ ಕಥೆ ಹೇಳುವಾಗ ಅವರು ಆ ಆಸ್ಪತ್ರೆಗೆ ಯಾವ್ಯಾವ ಬಸ್ಸು ಹೋಗುತ್ತವೆ ಎಂದು ವಿವರಿಸಿದರಂತೆ. ಹೆಡ್ ವೇಟರ್ ದೂರದಿಂದ ನೋಡಿ ಮೆಚ್ಚಿಕೊಂಡನಂತೆ. ಇಷ್ಟೊಂದು ಮಾತಾಡುವ ದಂಪತಿಗಳನ್ನು ಅವನು ಈಚೆಗೆ ಕಂಡಿರಲಿಲ್ಲ.

ಮಾರನೆಯ ದಿನ ಜೋಡಿ ನೃತ್ಯದ ಪಾಠಕ್ಕೆ ಚಾರ್ಟಿನ ಪ್ರಕಾರ ಅಕ್ಕ ಮತ್ತು ನಾನು ಹೋದೆವು. ಕಲಿಸುವಾಕೆ ಕೋಲಿನ ಹಾಗೆ ನಿಂತು, "ಒಬ್ಬರ ಕಣ್ಣಲ್ಲಿ ಒಬ್ಬರು ನೋಡಿ, ಮೊದಲ ಸಲ ಭೇಟಿಯಾದ ದಿನ ನೆನಪು ಮಾಡಿಕೊಳ್ಳಿ," ಅಂದಳು. ಅಕ್ಕ ನನ್ನನ್ನು ನೋಡಿದಳು. ನಾನು ಅಕ್ಕನನ್ನು ನೋಡಿದೆ.

"ಮೊದಲ ಸಲ ನೋಡ್ದಾಗ ನೀನು ತೊಟ್ಟಿಲಲ್ಲಿ ಒದ್ದೆ ಮಾಡ್ಕೊಂಡು ಅರಚ್ತಾ ಇದ್ದೆ," ಅಂದಳು ಅಕ್ಕ.

ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಕಲಿಸುವಾಕೆ ಎಲ್ಲರಿಗೂ ನಮ್ಮನ್ನು ತೋರಿಸಿ, ದಾಂಪತ್ಯ ಅಂದರೆ ಹೀಗಿರಬೇಕು ಅಂದಳು. ನಗು ನಿಂತ ಮೇಲೆ ಅಕ್ಕ ಪಕ್ಕದ ಜೋಡಿಯನ್ನು ನೋಡತೊಡಗಿದಳು. ವಯಸ್ಸಾದ ಗಂಡ ಹೆಂಡತಿ. ಗಂಡನಿಗೆ ಹೆಜ್ಜೆ ಬರುತ್ತಿರಲಿಲ್ಲ, ಹೆಂಡತಿಯ ಕಾಲು ತುಳಿದು ತುಳಿದು ಕ್ಷಮೆ ಕೇಳುತ್ತಿದ್ದ. ಆಕೆ ಪ್ರತಿ ಸಲವೂ ಪರವಾಗಿಲ್ಲ ಅನ್ನುತ್ತಿದ್ದಳು.

"ನನ್ನ ಕಾಲು ನೋಡು, ಹೇಗೆ ಚೆನ್ನಾಗಿದೆ. ಒಬ್ರೂ ತುಳಿದಿಲ್ಲ," ಅಂದಳು ಅಕ್ಕ. ತಮಾಷೆಗೆ ಹೇಳಿದ ಮಾತೇ.

ಆ ಹೊತ್ತಿನಲ್ಲಿ ಭಾವ ಡೆಕ್ಕಿನಲ್ಲಿ ಕುರ್ಚಿ ಕಾಯುತ್ತಿದ್ದರು. ನಿಜ ಹೇಳಬೇಕೆಂದರೆ ಆ ಕುರ್ಚಿಗಳಿಗೆ ಯಾರೂ ಬರುತ್ತಿರಲಿಲ್ಲ. ಅಲ್ಲಿ ಗಾಳಿ ಎಷ್ಟು ಹೊಡೆಯುತ್ತಿತ್ತೆಂದರೆ ಜನ ಅತ್ತ ಸುಳಿಯುತ್ತಲೇ ಇರಲಿಲ್ಲ. ಉಳಿದ ಕುರ್ಚಿಗಳೆಲ್ಲ ಸಾಲುಸಾಲಾಗಿ ಖಾಲಿ ಬಿದ್ದಿದ್ದವು. ಸ್ವಚ್ಛ ಮಾಡುವವನು ಬಂದು, "ಸಾರ್, ಎಲ್ಲಿ ಬೇಕಾದ್ರೂ ಕೂತ್ಕೋಬಹುದು," ಅಂದಾಗ ಭಾವ ಅವನ ಭುಜ ತಟ್ಟಿ, "ಎಲ್ಲರೂ ಹೀಗೇ ಹೇಳ್ತಾರೆ ತಮ್ಮಾ. ಆಮೇಲೆ ಸೀಟು ಹೋಗಿರುತ್ತೆ," ಅಂದರಂತೆ.

ನಾನು ಒಂದೆರಡು ಸಲ ಬಾಯಿಬಿಟ್ಟು ಹೇಳಲು ನೋಡಿದೆ. ಅಕ್ಕ ಕಣ್ಣಿನಲ್ಲೇ ತಡೆದಳು. "ಹೇಳಿಸಿಕೊಂಡು ಬರೋದಾದ್ರೆ ಬೇಡ," ಅಂದಳು. ದಿನಾ ಸಂಜೆ ಬೇರೆ ಬೇರೆ ಸೀರೆ ಉಟ್ಟಳು. ದಿನಾ ಸೂಪು ತಣ್ಣಗಾಯಿತು. ಹೆಡ್ ವೇಟರ್ ಮಾತ್ರ ದಿನಾ ನನಗೆ ಕಣ್ಣು ಮಿಟುಕಿಸಿ, "ಕೊನೇ ಸಂಜೆಗೆ ನಾವೆಲ್ಲ ಕಾಯ್ತಾ ಇದೀವಿ ಸಾರ್," ಅನ್ನುತ್ತಿದ್ದ. ನನಗೆ ಆಗಲೇ ಬುದ್ಧಿ ಹೊಳೆಯಬೇಕಿತ್ತು. ಹೊಟ್ಟೆ ತುಂಬಿದಾಗ ನನ್ನ ಬುದ್ಧಿ ಓಡುವುದಿಲ್ಲ.

ಕೊನೆಯ ಸಂಜೆ ಬಂತು. ಭಾವ ನನ್ನಾಕೆಯ ಜೊತೆ ಡೆಕ್ಕಿನ ಡ್ಯೂಟಿಯಲ್ಲಿ. ಅಕ್ಕ, ನಾನು ಊಟದ ಸಾಲೆಯಲ್ಲಿ. ಆಕೆ ಅವತ್ತು ಮದುವೆಯ ಬಳೆ ಹಾಕಿದ್ದಳು. ಸೂಪು ಬರುವ ಮೊದಲೇ ದೀಪಗಳು ಆರಿದವು. ಎಲ್ಲಿಂದಲೋ ಪಿಟೀಲು ಶುರುವಾಯಿತು. ನಾನು ಹಡಗು ಮುಳುಗುವ ಮುನ್ಸೂಚನೆ ಇರಬೇಕೆಂದು ಮೇಜಿನ ಕಾಲು ಹಿಡಿದುಕೊಂಡೆ. ಅಡುಗೆಮನೆಯ ಬಾಗಿಲು ತೆರೆದು ಹೆಡ್ ವೇಟರ್ ಎರಡೂ ಕೈಯಲ್ಲಿ ಕೇಕು ಎತ್ತಿ ಹಿಡಿದು, ಹಿಂದೆ ವೇಟರುಗಳ ಮೆರವಣಿಗೆ ಕಟ್ಟಿಕೊಂಡು ಬಂದ. ನೇರವಾಗಿ ನಮ್ಮ ಮೇಜಿಗೇ ಬಂದು ನಿಂತ.

"ಈ ಹಡಗಿನ ಅತ್ಯಂತ ಮುದ್ದಾದ ಜೋಡಿಗೆ, ಮದುವೆ ವಾರ್ಷಿಕೋತ್ಸವದ ಶುಭಾಶಯ!"

ಸಾಲೆಗೆ ಸಾಲೆಯೇ ಎದ್ದು ಚಪ್ಪಾಳೆ ಹೊಡೆಯಿತು. ನೃತ್ಯ ಕಲಿಸುವಾಕೆ ಕಣ್ಣೊರೆಸಿಕೊಳ್ಳುತ್ತ, "ನಾನು ಅವತ್ತೇ ಹೇಳಿರಲಿಲ್ವಾ!" ಅಂದಳು. ಯಾರೋ ಹಿಂದಿನಿಂದ, "ಒಂದು ಮುತ್ತು ಕೊಡ್ರೀ!" ಎಂದು ಕೂಗಿದರು. ಅದನ್ನೇ ಇಡೀ ಸಾಲೆ ಹಿಡಿದುಕೊಂಡಿತು. ನಾನು ಕುರ್ಚಿಯ ಮೇಲೆ ಹತ್ತಿ ನಿಂತು ಗಂಟಲು ಹರಿಯುವ ಹಾಗೆ, "ರೀ, ಇವಳು ನಮ್ಮಕ್ಕ!" ಅಂದೆ.

ಪಿಟೀಲು ಕಿರ್ರೆಂದು ನಿಂತಿತು. ನಾನು ಇಳಿದು ಕೂತೆ. ಹೆಡ್ ವೇಟರನ ಮೀಸೆ ಒಂದು ಕಡೆ ಇಳಿಯಿತು.

"ಹಾಗಾದ್ರೆ ಸಾರ್," ಅಂದ ಅವನು ಬಗ್ಗಿ, ಬಹಳ ಜೋಪಾನವಾಗಿ, "ಇನ್ನೊಬ್ಬರು ಸಾರ್ ಜೊತೆ ದಿನಾ ಊಟಕ್ಕೆ ಬರೋ ಮೇಡಂ?"

"ಅವಳು ನನ್ನ ಹೆಂಡತಿ."

ಮುಂದಿನ ಮೇಜಿನ ಮುದುಕಿ ಕೈಲಿದ್ದ ಚಮಚ ಬಿಟ್ಟಳು. ಹೆಡ್ ವೇಟರ್ ನನ್ನ ಭುಜದ ಮೇಲೆ ಕೈಯಿಟ್ಟು, "ಧೈರ್ಯ ತಗೊಳ್ಳಿ ಸಾರ್," ಅಂದ.

ಇಷ್ಟಾದ ಮೇಲೆ ಅಕ್ಕ ನಗಬೇಕಿತ್ತು. ನಕ್ಕಳು ಕೂಡ. ಸೆರಗು ಬಾಯಿಗೆ ಒತ್ತಿಕೊಂಡು, ಮೈ ಕುಲುಕಿಸಿ ನಕ್ಕಳು. ನಗುತ್ತ ಕೇಕಿನ ಕಡೆ ಬಗ್ಗಿದಳು. ಅದರ ಮೇಲೆ ಅವಳ ಹೆಸರಿತ್ತು, ಭಾವನ ಹೆಸರಿತ್ತು, ನಡುವೆ ಒಂದು ಕೆಂಪು ಹೃದಯವಿತ್ತು. ಊರಿನವರ ಹೆಸರನ್ನೆಲ್ಲ ಕೇಕಿನ ಮೇಲೆ ಬರೆದ ನಮ್ಮಕ್ಕ ತನ್ನ ಹೆಸರನ್ನು ಕೇಕಿನ ಮೇಲೆ ಕಂಡದ್ದು ಅದೇ ಮೊದಲು. ನಗು ಹಾಗೆಯೇ ತಿರುಗಿ ಅಳುವಾಯಿತು.

"ಕ್ರೀಮು ಸ್ವಲ್ಪ ಜಾಸ್ತಿ ಹೊಡೆದಿದಾರೆ ಕಣೋ," ಅಂದಳು. ಮೂಗೊರೆಸಿಕೊಂಡಳು. "ನಂಗೊಂದು ಊಟ ಬೇಕಿತ್ತು. ಅಷ್ಟೇನೇ ಬೇಕಿದ್ದಿದ್ದು. ಇದೇ ಜಾಗದಲ್ಲಿ ನೀನಿದೀಯಲ್ಲ, ಅಲ್ಲಿ ಅವರು."

ನನಗೆ ಆ ಕುರ್ಚಿಯಲ್ಲಿ ಕೂರಲೂ ಸಂಕಟ, ಏಳಲೂ ಸಂಕಟ. ಅಕ್ಕನೇ ಎದ್ದಳು. ಕೇಕಿನ ತಟ್ಟೆ ಎತ್ತಿಕೊಂಡು ಮೇಜುಗಳ ನಡುವೆ ನೆಟ್ಟಗೆ ನಡೆದಳು. ನಾನು ಹಿಂದೆ. ನನ್ನ ಹಿಂದೆ ಹೆಡ್ ವೇಟರ್, ಅವನ ಹಿಂದೆ ಪಿಟೀಲಿನವನು. ಏನು ನಡೆಯುತ್ತಿದೆ ಎಂದು ತಿಳಿಯದೆ ಅವನು ಮೆಲ್ಲಗೆ ನುಡಿಸುತ್ತಲೇ ಮೆಟ್ಟಿಲು ಹತ್ತಿದ.

ಡೆಕ್ಕಿನಲ್ಲಿ ಸೂರ್ಯ ಮುಳುಗಿ ಆಗಿತ್ತು. ಗಾಳಿ ಬೀಸುತ್ತಿತ್ತು. ಖಾಲಿ ಕುರ್ಚಿಗಳ ಸಾಲಿನ ಕೊನೆಯಲ್ಲಿ ನಾಲ್ಕು ಟವೆಲ್ಲು, ಅವುಗಳ ಕಾವಲಿಗೆ ಕೋಟಿನ ಗುಂಡಿ ಹಾಕಿಕೊಂಡು ಭಾವ. ನನ್ನಾಕೆ ಅಕ್ಕನ ಮುಖ ನೋಡಿದವಳೇ ಹೇಳುತ್ತಿದ್ದ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿದಳು. ಮದುವೆಯಾದ ಮೇಲೆ ಹಾಗೆ ನಿಲ್ಲಿಸಿದ್ದು ನಾನು ಕಂಡಿರಲಿಲ್ಲ.

"ಇಷ್ಟು ಬೇಗ ರಿಲೀವ್ ಮಾಡೋಕೆ ಬಂದ್ಯಾ? ಇನ್ನೂ ಹೊತ್ತಿದೆಯಲ್ಲ," ಅಂದರು ಭಾವ.

"ರಿಲೀವ್ ಮಾಡೋಕೆ ಬಂದಿಲ್ಲ," ಅಂದಳು ಅಕ್ಕ. "ನೀವು ಎಲ್ಲರಿಗೂ ರಿಲೀವರ್ ಕಳಿಸ್ತೀರಿ. ಡ್ರೈವರಿಗೆ ಕಳಿಸಿದ್ರಿ, ಕಂಡಕ್ಟರಿಗೆ ಕಳಿಸಿದ್ರಿ, ಈ ಕುರ್ಚಿಗೂ ಕಳಿಸ್ತೀರಿ. ಮದುವೆಯಾದಾಗಿಂದ ನಾನು ಊಟದ ಮೇಜಲ್ಲಿ ಒಬ್ಳೇ ಕೂತಿದೀನಿ. ನಂಗೆ ಯಾರೂ ಬಂದಿಲ್ಲ."

ಭಾವನಿಗೆ ಆಗ ಅವಳ ಕೈಯಲ್ಲಿದ್ದ ಕೇಕು ಕಾಣಿಸಿತು. ಕನ್ನಡಕ ಹಣೆಗೇರಿಸಿ, ಬಗ್ಗಿ, ಎರಡೂ ಹೆಸರು ಓದಿದರು. ಮತ್ತೊಮ್ಮೆ ಓದಿದರು.

"ಇವತ್ತಾ?" ಅಂದರು.

ಅಕ್ಕ ತಲೆಯಾಡಿಸಿದಳು.

"ಚಾರ್ಟಲ್ಲಿ ಹಾಕಿರಲಿಲ್ಲವಲ್ಲೇ," ಅಂದರು ಭಾವ. ಅವರ ದನಿ ತೀರಾ ಸಣ್ಣದಾಗಿತ್ತು. ತಪ್ಪು ಬಸ್ಸು ಹತ್ತಿಬಿಟ್ಟ ಮುದುಕರ ದನಿ ಹಾಗಿರುತ್ತದೆ.

ಎದ್ದು ನಿಂತರು. ನಾನು ಅಭ್ಯಾಸಬಲದಿಂದ ಅವರ ಕುರ್ಚಿಯ ಕಡೆ ಒಂದು ಹೆಜ್ಜೆ ಇಟ್ಟೆ. "ಬೇಡ," ಅಂದರು. ಅಕ್ಕನ ಕೈಯಿಂದ ಕೇಕು ತೆಗೆದುಕೊಂಡರು. ಸ್ವಲ್ಪ ದೂರ ನಡೆದು, ಎಳೆದ ಹಾಗಾಗಿ ತಿರುಗಿ ಕುರ್ಚಿಗಳನ್ನು ನೋಡಿದರು. ಗಾಳಿಗೆ ಒಂದು ಟವೆಲ್ಲು ಎದ್ದು, ಕಟಕಟೆ ದಾಟಿ ಸಮುದ್ರಕ್ಕೆ ಹೋಯಿತು. ಅಕ್ಕ ಕಾಯುತ್ತ ನಿಂತಿದ್ದಳು, ಕರೆಯಲಿಲ್ಲ. ಭಾವ ಮುಖ ತಿರುಗಿಸಿ ಅವಳ ಪಕ್ಕಕ್ಕೆ ಬಂದರು. ತಮ್ಮ ಜೀವಮಾನದಲ್ಲಿ ಮೊದಲ ಸಲ ಅವರು ರಿಲೀವರ್ ಇಲ್ಲದೆ ಸೀಟು ಬಿಟ್ಟರು. ಪಿಟೀಲಿನವನಿಗೂ ಏನೋ ಅರ್ಥವಾಗಿರಬೇಕು, ಸ್ವಲ್ಪ ಜೋರಾಗಿಯೇ ನುಡಿಸಿದ.

ಕೆಳಗೆ ಹೋದರೆ, ಕೊನೆಯ ರಾತ್ರಿಯೆಂದು ಊಟದ ಸಾಲೆಯನ್ನು ಬೇಗನೆ ಮುಚ್ಚಿಬಿಟ್ಟಿದ್ದರು. ಫ್ಲೆಕ್ಸಿಬಲ್ಲಿಗೂ ಒಂದು ಕೊನೆಯಿದೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಭಾವ ಆ ಬಾಗಿಲ ಮುಂದೆ ಕೇಕು ಹಿಡಿದು ನಿಂತ ಭಂಗಿ ನೋಡಿ ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಇಳಿಯಿತು. ಹೆಡ್ ವೇಟರ್ ಮಾತ್ರ ಈ ಸಂಸಾರವನ್ನು ಸರಿಮಾಡದೆ ಬಿಡುವುದಿಲ್ಲವೆಂದು ತೀರ್ಮಾನಿಸಿದ್ದ. "ರೂಮಿಗೇ ಕಳಿಸ್ತೀನಿ. ದಯವಿಟ್ಟು ಯಾರು ಯಾವ ರೂಮಲ್ಲಿ ಅಂತ ಒಂದು ಸಲ ಸರಿಯಾಗಿ ಹೇಳಿ," ಅಂದ.

ಅವರ ರೂಮು ನಮ್ಮ ಪಕ್ಕದ್ದೇ. ವೇಟರ್ ತಳ್ಳುಗಾಡಿ ತಂದಾಗ ನಾನು ಬಾಗಿಲಲ್ಲಿದ್ದೆ. ಎರಡು ತಟ್ಟೆ, ಎರಡರ ಮೇಲೂ ಫಳಫಳ ಹೊಳೆಯುವ ಸ್ಟೀಲಿನ ಮುಚ್ಚಳ. ಅದನ್ನು ಕಂಡ ಕೂಡಲೇ ಅಕ್ಕನ ಮುಖ ಬಾಡಿತು. ಅದೇ ಮುಚ್ಚಳ, ಅದೇ ತಣ್ಣನೆಯ ತಟ್ಟೆ, ಇಷ್ಟು ದೂರ ನೀರಿನ ಮೇಲೆ ಬಂದರೂ ಬೆನ್ನು ಬಿಡಲಿಲ್ಲವಲ್ಲ ಅಂದುಕೊಂಡಳೋ ಏನೋ. ಸಣ್ಣ ಮೇಜಿನ ಎರಡು ಬದಿಗೆ ಇಬ್ಬರೂ ಕೂತರು. ಭಾವ ಕೈ ಚಾಚಿ ಮೊದಲು ಅವಳ ತಟ್ಟೆಯ ಮುಚ್ಚಳ ತೆಗೆದರು. ಬುಸ್ಸೆಂದು ಹಬೆ ಎದ್ದು ಅವರ ಕನ್ನಡಕದ ಮೇಲೆಲ್ಲ ಕೂತಿತು. ಭಾವ ಏನೂ ಕಾಣಿಸದೆ ಮುಚ್ಚಳ ಹಿಡಿದುಕೊಂಡು ಹಾಗೆಯೇ ಕೂತರು.

"ಬಿಸಿ ಇದೆ ಕಣೇ," ಅಂದರು.

"ನಾನು ಮುಚ್ಚಿಡ್ತಾ ಇದ್ದದ್ದೂ ಬಿಸೀನೇ ರೀ," ಅಂದಳು ಅಕ್ಕ. ಅವರ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಮೂಗಿನ ಮೇಲಿಟ್ಟಳು. ನನ್ನಾಕೆ ನನ್ನ ತೋಳು ಹಿಡಿದು ಎಳೆದು, ಅವರ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿದಳು.

ಊರಿಗೆ ಬಂದ ಮೇಲೆ ಎಲ್ಲ ಬದಲಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಬೇಕರಿಯ ಒಲೆ ಬೆಳಗಿಗೆ ಮುಂಚೆಯೇ ಉರಿಯಬೇಕು. ಭಾವನ ಹಸಿವು ಇವತ್ತಿಗೂ ಕೊನೆಯ ಬಸ್ಸಿನಲ್ಲೇ ಬರುತ್ತದೆ. ಈಗ ಅಕ್ಕ ಉಣ್ಣುವಾಗ ಭಾವ ಎದುರಿಗೆ ಖಾಲಿ ತಟ್ಟೆ ಇಟ್ಟುಕೊಂಡು ಕೂರುತ್ತಾರೆ. ಒಂದು ತುತ್ತು ಬಾಯಿಗಿಟ್ಟು ನೋಡುತ್ತಾರೆ, ಇಳಿಯುವುದಿಲ್ಲ. ಅವರು ಉಣ್ಣುವ ಹೊತ್ತಿಗೆ ಜೊತೆಗಿರಬೇಕೆಂದು ಅಕ್ಕ ಕೂರುತ್ತಾಳೆ, ಮೇಜಿನ ಮೇಲೆಯೇ ತಲೆಯಿಟ್ಟು ನಿದ್ದೆಹೋಗುತ್ತಾಳೆ. ಭಾವ ಚಮಚದ ಸದ್ದಾಗದ ಹಾಗೆ ಊಟ ಮಾಡುತ್ತಾರಂತೆ. ಒಂದೇ ಹೊತ್ತಿನ ಹಸಿವು ಅವರಿಬ್ಬರಿಗೆ ಸಿಕ್ಕಿದ್ದು ಆ ಒಂದು ಸಂಜೆಯೇ.

ಬಂದ ದಿನ ಬೇಕರಿಯ ಮುಂದೆ ಸಭೆ ಸೇರಿಯೇ ಸೇರಿತು. ಸಮುದ್ರ ಹೇಗಿತ್ತು ಎಂದು ಒಬ್ಬರೂ ಕೇಳಲಿಲ್ಲ.

"ಹೇಳಿ ಸಾಹೇಬ್ರೆ, ಕೊನೆಗೂ ಊಟ ಎಷ್ಟು ಹೊತ್ತಿಗಾಯ್ತು?" ಅಂದರು ಔಷಧಿ ಅಂಗಡಿಯವರು.

ಭಾವ ಕನ್ನಡಕ ತೆಗೆದು ಒರೆಸಿಕೊಂಡರು.

"ತಡ ಆಯ್ತು," ಅಂದರು. "ತುಂಬಾನೇ ತಡ ಆಯ್ತು."

"ನಾನು ಹೇಳಿರಲಿಲ್ವಾ!" ಅಂದರು ಹೆಡ್‌ಮಿಸ್ಟ್ರೆಸ್ಸಮ್ಮ. "ಬೆಲ್ಲು ಇಲ್ಲ ಅಂದ್ರೆ ಹೀಗೇ." ದೊಡ್ಡಪ್ಪ ತಮ್ಮ ಲಾಂಚಿನಲ್ಲಾದರೆ ಊಟವೇ ಇರಲಿಲ್ಲ ಎಂದು ನೆನಪಿಸಿ ಸಮಾಧಾನ ಹೇಳಿದರು. ಜನರನ್ನು ಉಪವಾಸ ಕೆಡವುವ ಆ ಹಡಗಿನ ಮೇಲೆ ದೂರು ಕೊಡಬೇಕೆಂದು ಸಭೆ ಗುಜುಗುಜು ಶುರುಮಾಡಿತು.

ಒಳಗೆ ಅಕ್ಕ ಕೇಕಿನ ಮೇಲೆ ಯಾರದೋ ಹೆಸರು ಬರೆಯುತ್ತಿದ್ದಳು. ತಲೆ ಎತ್ತಲಿಲ್ಲ, ಕ್ರೀಮಿನ ಕೊಳವೆಯನ್ನೂ ನಿಲ್ಲಿಸಲಿಲ್ಲ.

"ಬಿಸಿ ಇತ್ತು ಅಂತಾನೂ ಹೇಳ್ರೀ," ಅಂದಳು.